ಚಾರ್ಜ್ ತಗೊಳ್ಳುವವರಿಲ್ಲದ ಮಳೆಗಾಲ

ಹೋದ ತಿಂಗಳು ಚಾಮರಾಜನಗರದ ಒಂದು ನರ್ಸಿಂಗ್ ಶಾಲೆಯವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ನಿವೃತ್ತಿಯಾದ ಮೇಲೆ ಯಾರು ಯಾವುದಕ್ಕೆ ಕರೆದರೂ ನಾನು ಇಲ್ಲವೆನ್ನುವವಳಲ್ಲ. ಮನೆಯಲ್ಲಿ ಕೂತರೆ ಮಂಡಿನೋವು ಹೆಚ್ಚು, ನಾಲ್ಕು ಜನರ ಮುಂದೆ ನಿಂತರೆ ಕಡಿಮೆ. ಅವರು ಕೊಟ್ಟ ವಿಷಯ ‘ದಾದಿಯರ ಕೊರತೆಗೆ ಕಾರಣಗಳು’. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿದ್ದವಳಿಗೆ ಇದಕ್ಕಿಂತ ಸಲೀಸಾದ ವಿಷಯ ಯಾವುದಿದೆ? ಖಾಲಿ ಹುದ್ದೆಗಳನ್ನು ತುಂಬುವುದಿಲ್ಲ ಎಂದೆ. ಗುತ್ತಿಗೆಯ ಹುಡುಗಿಯರಿಗೆ ನಾಳೆಯ ಭರವಸೆಯಿಲ್ಲ ಎಂದೆ. ಓದು ಮುಗಿದ ಮಾರನೆಯ ದಿನವೇ ಹೊರದೇಶದ ಕಡೆ ಮುಖ ಮಾಡುತ್ತಾರೆ, ಮಾಡದೆ ಇನ್ನೇನು ಮಾಡಿಯಾರು ಎಂದೆ. ಕಾಯಿಲೆ ಬಿದ್ದಾಗ ‘ತಾಯಿ’ ಎನ್ನುವ ಜನವೇ ಸೊಸೆ ತರುವಾಗ ನರ್ಸ್ ಎಂದರೆ ಮೂಗು ಮುರಿಯುತ್ತಾರೆ ಎಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು, ಪ್ರಾಂಶುಪಾಲರು ಶಾಲು ಹೊದಿಸಿದರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಬಸ್ ನಿಲ್ದಾಣಕ್ಕೆ ಬಂದು ಹರವೆಯ ಬಸ್ಸಿಗೆ ಕಾಯುತ್ತ ನಿಂತೆ. ಹರವೆ ನನ್ನ ಹುಟ್ಟೂರು, ಈಗ ಇರುವುದೂ ಅಲ್ಲೇ. ಚೆಂಡುಹೂವಿನ ಮೂಟೆ ಹೇರಿದ ಗಾಡಿಯೊಂದು ಬಂದು ಪಕ್ಕದಲ್ಲಿ ನಿಂತಿತು. ಚೆಂಡುಹೂ ದೇವರ ತಲೆಯ ಮೇಲಿದ್ದರೆ ಒಂದು ವಾಸನೆ, ಮಳೆಗೆ ನೆನೆದು ಮೂಟೆಯೊಳಗೆ ಬೆಂದರೆ ಇನ್ನೊಂದು. ಆ ಎರಡನೆಯ ವಾಸನೆ ಮೂಗಿಗೆ ಬಡಿದದ್ದೇ ನನಗೆ ಶಬೀನಾ ನೆನಪಾದಳು. ಒಂದು ಗಂಟೆಯ ಭಾಷಣದಲ್ಲಿ ಸರ್ಕಾರದ ಮೇಲೆ, ಸಮಾಜದ ಮೇಲೆ, ಸಂಬಳದ ಮೇಲೆ ತಪ್ಪು ಹೊರಿಸಿ ಬಂದಿದ್ದೆ, ನನ್ನ ಹೆಸರು ಮಾತ್ರ ಎಲ್ಲೂ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು. ಹರವೆಯ ಬಸ್ಸು ಬಂತು, ಹೋಯಿತು. ನಾನು ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

ಅವಳೂ ನಾನೂ ಒಟ್ಟಿಗೆ ಕೆಲಸ ಮಾಡಿದ ಆಸ್ಪತ್ರೆಯ ಹೆಸರು ಬೇಡ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಂಚಿನ ಮಾಡಿನ ಹಳೆಯ ಕಟ್ಟಡ, ಅದಕ್ಕೆ ಅಂಟಿಕೊಂಡಂತೆ ಹೊಸದೊಂದು ಆರ್‌ಸಿಸಿ ವಾರ್ಡು. ಎಂಟು ಸಿಸ್ಟರ್‌ಗಳ ಹುದ್ದೆ ಎಂದು ಗೋಡೆಯ ಮೇಲಿನ ಫಲಕದಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು. ಬರೆದವನದೇನು ತಪ್ಪು, ಬಣ್ಣವಿತ್ತು ಬರೆದ. ನಿಜಕ್ಕೂ ಇದ್ದವರು ಐವರು. ಐವರಲ್ಲಿ ಒಬ್ಬಳು ನಿಯೋಜನೆಯ ಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಯಾವುದೋ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಳು, ಹೆಸರು ನಮ್ಮಲ್ಲಿ, ಕೆಲಸ ಅಲ್ಲಿ. ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಳು. ಹೆರಿಗೆ ಕೋಣೆಗೆ ಹಿರಿಯ ಸಿಸ್ಟರ್ ಒಬ್ಬರಿದ್ದರು, ಅವರು ಅದನ್ನು ಬಿಟ್ಟು ಅಲುಗುವ ಹಾಗಿರಲಿಲ್ಲ. ಉಳಿದವರು ನಾನು ಮತ್ತು ಶಬೀನಾ. ನಾನು ವಾರ್ಡಿನ ಇನ್‌ಚಾರ್ಜ್, ಅವಳು ಗುತ್ತಿಗೆಯ ಮೇಲೆ ಬಂದ ಹುಡುಗಿ. ಹಿಂದೆಲ್ಲ ಬಂಡೀಪುರದ ಕಾಡು ದಾಟಿ ವಯನಾಡಿನ ಕಡೆಯಿಂದ ಹುಡುಗಿಯರು ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದರು. ಅವರ ಜೊತೆ ಕೆಲಸ ಮಾಡಿಯೇ ನಾನು ಅರ್ಧಂಬರ್ಧ ಮಲಯಾಳ ಕಲಿತಿದ್ದು. ಈಗ ಆ ಹುಡುಗಿಯರು ದಾಟಿದರೆ ಕಡಲನ್ನೇ ದಾಟುತ್ತಾರೆ, ಕಾಡನ್ನಲ್ಲ.

ಶಬೀನಾ ಗುಂಡ್ಲುಪೇಟೆಯ ಹಾಸಿಗೆ ಬಾಷಾ ಸಾಬರ ಎರಡನೆಯ ಮಗಳು. ಸಾಬರು ಹತ್ತಿ ಹಿಂಜಿ ಹಾಸಿಗೆ ದಿಂಬು ಹೊಲಿಯುವವರು. ಅವರ ಅಂಗಡಿಯ ಹಾಸಿಗೆಯಿಲ್ಲದೆ ಸುತ್ತಲ ಹಳ್ಳಿಗಳಲ್ಲಿ ಮದುವೆಯಾಗುತ್ತಿರಲಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ವಾರ್ಡಿನಲ್ಲಿ ಬೇಕಾದರೆ ತಮಿಳು, ಯಾವುದಕ್ಕೂ ಅವಳು ತಡವರಿಸುತ್ತಿರಲಿಲ್ಲ. ರೋಗಿ ಮಲಗಿದ್ದ ಹಾಗೆಯೇ ಅಡಿಯ ಹಾಸನ್ನು ಎಳೆದು ಇನ್ನೊಂದನ್ನು ಹಾಸಿ ನಾಲ್ಕು ಮೂಲೆಯನ್ನೂ ಬಿಗಿದುಬಿಡುತ್ತಿದ್ದಳು, ಮಲಗಿದ್ದವರಿಗೆ ಒಂದಿಷ್ಟೂ ನೋವಾಗದ ಹಾಗೆ. ಆ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ನಾನೂ ಮಾಡಿದವಳಲ್ಲ. ‘ಹಾಸಿಗೆ ಸಾಬರ ಮಗಳಲ್ವಾ, ಹುಟ್ಟುತ್ತಲೇ ಕಲಿತು ಬಂದಿದ್ದೀಯ’ ಎಂದು ರೇಗಿಸುತ್ತಿದ್ದೆ. ‘ಇಲ್ಲ ಸಿಸ್ಟರ್, ನೀವು ಬೈದು ಬೈದು ಕಲಿಸಿದ್ದು’ ಎಂದು ನಗುತ್ತಿದ್ದಳು. ಬೈದದ್ದು ನಿಜ. ಮೊದಲ ಆರು ತಿಂಗಳು ನಾನು ಅವಳನ್ನು ಬೈಯದ ದಿನವಿಲ್ಲ. ಕೈ ಹಿಡಿದು ಕಲಿಸದ ದಿನವೂ ಇಲ್ಲ.

ಆ ವರ್ಷ ಮಳೆ ಹಿಡಿದರೆ ಬಿಡದೆ, ಬಿಟ್ಟರೆ ಬಾರದೆ ಆಟವಾಡಿತು. ಗುಂಡ್ಲುಪೇಟೆ ಸೀಮೆಯ ಹೊಲಗಳೆಲ್ಲ ಚೆಂಡುಹೂವಿನಿಂದ ಹಳದಿಯಾಗಿದ್ದವು. ಕೇರಳದಿಂದ ಕಾರಿನಲ್ಲಿ ಬಂದವರು ರಸ್ತೆ ಬದಿಯಲ್ಲಿ ನಿಲ್ಲಿಸಿ ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೂ ಬಿಡಿಸುವ ಹೆಂಗಸರು ಅದೇ ಹೊಲದಿಂದ ಜ್ವರ ಹೊತ್ತು ನಮ್ಮಲ್ಲಿಗೆ ಬರುತ್ತಿದ್ದರು. ಮೊದಲು ದಿನಕ್ಕೆ ಇಬ್ಬರು ಮೂವರು, ಆಷಾಢ ಕಳೆಯುವ ಹೊತ್ತಿಗೆ ಮಂಚಗಳು ತುಂಬಿ ನಡುವಿನ ನೆಲದ ಮೇಲೂ ಚಾಪೆ ಬಿದ್ದವು. ಡೆಂಗಿ ಕೆಲವರಿಗೆ, ಹೆಸರಿಲ್ಲದ ಜ್ವರ ಹಲವರಿಗೆ. ಅವರೆಲ್ಲರ ಬೆರಳುಗಳೂ ಹಳದಿ, ವಾರ್ಡೆಲ್ಲ ಆ ಬೆಂದ ಹೂವಿನ ವಾಸನೆ.

ಒಬ್ಬ ಮುದುಕಿಗೆ ಡ್ರಿಪ್ ಹಾಕಬೇಕಿತ್ತು. ನಾನು ಎರಡು ಸಲ ಚುಚ್ಚಿ ಸೋತು ಶಬೀನಾಳನ್ನು ಕೂಗಿದೆ. ಮುದುಕಿ ತನ್ನ ಕೈಯನ್ನು ತಾನೇ ಮೇಲೆ ಕೆಳಗೆ ಮಾಡಿ ನೋಡಿಕೊಂಡು, “ಈ ಕೈಲಿ ನರ ಎಲ್ಲದ ಕಣಮ್ಮಿ, ಬರೀ ಹೂವಿನ ಅಂಟು ಅದ. ಬುಟ್ಬುಡು ಅತ್ಲಾಗಿ” ಎಂದಳು. ಶಬೀನಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಆ ಕೈಯ ಅಂಟನ್ನು ನಿಧಾನವಾಗಿ ತಿಕ್ಕಿ ತೆಗೆದಳು. ಹೊರಗೆ ಹತ್ತು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. “ಅಜ್ಜಿ, ನರ ಅದೆ. ನೀನು ಕೆಲಸ ಮಾಡಿ ಮಾಡಿ ಒಳಕ್ಕೆ ಕಳಿಸ್ಬುಟ್ಟಿದ್ದೀಯ” ಎನ್ನುತ್ತ ಒಂದೇ ಸಲಕ್ಕೆ ಸೂಜಿ ಹಾಕಿದಳು. ಆಮೇಲೆ ಆ ಮುದುಕಿ ನನ್ನ ಕೈಯಿಂದ ಮಾತ್ರೆಯನ್ನೂ ಇಸಿದುಕೊಳ್ಳಲಿಲ್ಲ. ಆ ಹುಡುಗಿ ಬರಲಿ ಎನ್ನುತ್ತಿದ್ದಳು.

ಈ ನಡುವೆ ಮೈಸೂರಿನಿಂದ ಒಂದು ಸಂಬಂಧ ಬಂದು ಶಬೀನಾಳನ್ನು ನೋಡಿಕೊಂಡು ಹೋಗಿತ್ತು. ಬಾಷಾ ಸಾಬರು ಒಂದು ದಿನ ಮಗಳಿಗೆ ಊಟದ ಡಬ್ಬಿ ಕೊಡಲು ಬಂದವರು ನನ್ನ ಮೇಜಿನ ಹತ್ತಿರ ನಿಂತು ಹೇಳಿದರು: “ಹುಡುಗಿ ಒಪ್ಪಿಗೆ ಸಿಸ್ಟರಮ್ಮ, ಕೆಲಸ ಬುಡ್ಬೇಕು ಅಂದ್ರು. ಇವಳು ಆಗಲ್ಲ ಅಂದ್ಬುಟ್ಳು. ಮನೇಲಿ ಎಲ್ರೂ ನನ್ನೇ ಬೈತಾರೆ, ಓದ್ಸಿದ್ದು ನೀನೇ ಅಂತ.”

“ನೀವೇನಂತೀರಿ ಸಾಬ್ರೆ?”

“ನಾನೇನು ಹೇಳ್ಲಿ. ಗುತ್ತಿಗೆ ಕೆಲಸ, ಇವತ್ತಿದ್ದು ನಾಳೆ ಇಲ್ಲ ಅಂತಾರೆ ಅವರು. ಅದೂ ನಿಜಾನೆ. ಪರ್ಮನೆಂಟ್ ಆದ್ರೆ ಕೇಳೋರ ಬಾಯಿ ಮುಚ್ತದೆ. ಆಗ್ದೆ ಹೋದ್ರೆ ಇನ್ನೊಂದು ವರ್ಷ ನಾನು ತಡೀಬಹುದು, ಅಷ್ಟೆ.”

ಅವಳು ಪರೀಕ್ಷೆ ಬರೆದಿದ್ದಳು, ಫಲಿತಾಂಶಕ್ಕೆ ಕಾಯುತ್ತಿದ್ದಳು. ಕಾಯಂ ಕೆಲಸ ಸಿಕ್ಕಿದರೆ ಅವಳು ನರ್ಸಾಗಿ ಉಳಿಯುತ್ತಾಳೆ, ಸಿಗದಿದ್ದರೆ ಯಾರದೋ ಮನೆಯ ಸೊಸೆಯಾಗಿ ಈ ಬಿಳಿ ಬಟ್ಟೆ ಕಳಚಿಡುತ್ತಾಳೆ. ಇದು ಅವಳಿಗೂ ಗೊತ್ತಿತ್ತು, ಅವಳಪ್ಪನಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು ಎನ್ನುವುದನ್ನು ಇಲ್ಲಿ ಬರೆದಿಡಬೇಕು.

ಶ್ರಾವಣದ ಎರಡನೆಯ ವಾರ ಆದೇಶ ಬಂತು. ಉತ್ತರದ ಜಿಲ್ಲೆಯೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಂ ಹುದ್ದೆ, ಹದಿನೈದು ದಿನದೊಳಗೆ ಹೋಗಿ ಸೇರಬೇಕು. ಹೋಗುವಾಗ ಇಲ್ಲಿಂದ ಬಿಡುಗಡೆಯಾದ ಪತ್ರ ಕೈಯಲ್ಲಿರಬೇಕು. ಶಬೀನಾ ಬಾದುಷಾ ಡಬ್ಬಿ ಹಿಡಿದುಕೊಂಡು ಬಂದಳು. ನಾನು ಅವಳನ್ನು ತಬ್ಬಿಕೊಂಡೆ. ನನಗೆ ಸಂತೋಷವಾಗಿತ್ತು, ಅದರಲ್ಲಿ ಕಪಟವಿರಲಿಲ್ಲ. ಆದರೆ ತಬ್ಬಿಕೊಂಡಿದ್ದಾಗಲೇ ಅವಳ ಹೆಗಲಿನ ಮೇಲಿಂದ ವಾರ್ಡು ಕಾಣುತ್ತಿತ್ತು. ಮಂಚಗಳು, ಚಾಪೆಗಳು, ಅವುಗಳ ನಡುವೆ ನಾನೊಬ್ಬಳೇ ಓಡಾಡುತ್ತಿರುವುದೂ ಕಂಡಿತು.

ನಮ್ಮ ಕೆಲಸದಲ್ಲಿ ಚಾರ್ಜ್ ಎಂಬುದೊಂದಿದೆ. ವಾರ್ಡಿನ ಮಂಚ, ಹೊದಿಕೆ, ಕತ್ತರಿ, ಬಿ.ಪಿ. ನೋಡುವ ಯಂತ್ರ, ಆಕ್ಸಿಜನ್ ಸಿಲಿಂಡರು, ಕೊನೆಗೆ ಒಡೆದ ಥರ್ಮಾಮೀಟರೂ ಯಾರಾದರೊಬ್ಬ ಸಿಸ್ಟರ್ ಹೆಸರಿನಲ್ಲಿರುತ್ತವೆ. ಅವಳು ಬೇರೆ ಕಡೆ ಹೋಗಬೇಕಾದರೆ ಎಲ್ಲವನ್ನೂ ಇನ್ನೊಬ್ಬ ಸಿಸ್ಟರ್‌ಗೆ ಎಣಿಸಿ ಒಪ್ಪಿಸಬೇಕು, ಒಪ್ಪಿಕೊಂಡೆ ಎಂದು ಆಕೆ ಸಹಿ ಹಾಕಬೇಕು. ಆ ಸಹಿಯಿಲ್ಲದೆ ಬಿಡುಗಡೆಯಿಲ್ಲ. ನಾನು ಇನ್‌ಚಾರ್ಜ್ ಆಗಿದ್ದರೂ ನಮ್ಮ ವಾರ್ಡಿನ ಸಾಮಾನು ಶಬೀನಾಳ ಹೆಸರಿನಲ್ಲಿತ್ತು. ನಿಯಮವೇನೋ ಒಳ್ಳೆಯದೇ. ಆದರೆ ಇನ್ನೊಬ್ಬಳೇ ಇಲ್ಲದ ಕಡೆ ಒಪ್ಪಿಸುವುದು ಯಾರಿಗೆ? ಹೀಗೆ ಚಾರ್ಜ್ ತಗೊಳ್ಳುವವರಿಲ್ಲದೆ ವರ್ಗವಾದರೂ ಹೋಗಲಾಗದೆ, ರಜೆ ಮಂಜೂರಾದರೂ ಹೊರಡಲಾಗದೆ ಕೂತ ಸಿಸ್ಟರ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ನಾನೇ ಕೂತಿದ್ದೇನೆ. ನನ್ನಪ್ಪ ಹರವೆಯಲ್ಲಿ ತೀರಿಕೊಂಡ ದಿನ ನಾನು ಬೇರೊಂದು ತಾಲ್ಲೂಕಿನಲ್ಲಿದ್ದೆ. ಬೆಳಗಿನ ಬಸ್ಸಿಗೆ ಬರಬೇಕಾಗಿದ್ದ ಸಿಸ್ಟರ್ ಮಧ್ಯಾಹ್ನದ ಬಸ್ಸಿಗೆ ಬಂದಳು. ನಾನು ಊರು ಮುಟ್ಟುವಾಗ ಅಪ್ಪನನ್ನು ಹೊಲದಲ್ಲಿ ಕೂರಿಸಿ ಮಣ್ಣು ಕೊಟ್ಟು ಎಲ್ಲರೂ ಕೈಕಾಲು ತೊಳೆದುಕೊಂಡಿದ್ದರು. ನಾನು ಮಣ್ಣಿನ ಮೇಲಿಟ್ಟ ಹೂವನ್ನಷ್ಟೇ ನೋಡಿದೆ. ಆಸ್ಪತ್ರೆಗೆ ಹಿಂತಿರುಗಿದಾಗ ದೊಡ್ಡ ಡಾಕ್ಟರು ಎಲ್ಲರ ಮುಂದೆ, “ಕರ್ತವ್ಯ ಅಂದ್ರೆ ಗೌರಿ ಸಿಸ್ಟರದ್ದು” ಎಂದರು. ಆ ಮಾತನ್ನು ನಾನು ನಂಬಿಬಿಟ್ಟೆ. ನಾನು ತಡೆದುಕೊಂಡೆನಲ್ಲ, ಎಲ್ಲರೂ ತಡೆದುಕೊಳ್ಳಲಿ ಎನ್ನುವ ಬುದ್ಧಿ ನನಗೆ ಬಂದದ್ದು ಅವತ್ತಿನಿಂದ.

ಶಬೀನಾಳ ಆದೇಶವನ್ನು ಹಿಡಿದು ನಾನೇ ನಮ್ಮ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು, ಮೂರು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ಓದಿ ನೋಡಿ ಹೇಳಿದರು: “ಬದಲಿಗೆ ಜನ ಕೊಡಿ ಅಂತ ಬರೀತೀನಿ. ಯಾವಾಗ ಕೊಡ್ತಾರೋ ಗೊತ್ತಿಲ್ಲ. ಚಾರ್ಜ್ ನೀವೇ ತಗೊಂಡು ಸಹಿ ಹಾಕ್ತೀನಿ ಅಂದ್ರೆ ಇವತ್ತೇ ಬಿಟ್ಟುಕೊಡ್ತೀನಿ ಸಿಸ್ಟರ್. ಆದರೆ ಆಮೇಲೆ ವಾರ್ಡು ನೀವೊಬ್ಬರೇ ನೋಡ್ಬೇಕು. ಯೋಚನೆ ಮಾಡಿ.”

ನಾನು ಕಾರಿಡಾರಿನಲ್ಲಿ ನಡೆದು ಬರುವಷ್ಟರಲ್ಲಿ ಯೋಚನೆ ಮುಗಿದಿತ್ತು. ಶಬೀನಾ ಔಷಧಿ ಟ್ರಾಲಿಯ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. “ಬದ್ಲಿ ಜನ ಬಂದ್ಮೇಲೇ ಬುಡೋದು ಅಂತಾರೆ ಕಣಮ್ಮಿ ಡಾಕ್ಟ್ರು” ಎಂದೆ. ನಾನು ಹೇಳಿದ ಸುಳ್ಳು ಇಷ್ಟೇ.

“ಬರ್ತಾರಾ ಸಿಸ್ಟರ್?”

“ಬರ್ತಾರೆ. ಬರೀತಾ ಅವ್ರೆ. ಇನ್ನೂ ಹದಿನೈದು ದಿನ ಅದಲ್ಲ.”

ಮೊದಲ ಮೂರು ದಿನ ಬೆಳಿಗ್ಗೆ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಯಾರಾದ್ರೂ ಬಂದ್ರಾ ಸಿಸ್ಟರ್?” ಮೂರನೆಯ ದಿನದ ನಂತರ ಕೇಳುವುದನ್ನು ನಿಲ್ಲಿಸಿದಳು. ಹುಡುಗಿ ಪರಿಸ್ಥಿತಿ ಅರ್ಥಮಾಡಿಕೊಂಡಳು, ಜಾಣೆ ಎಂದುಕೊಂಡೆ. ಕೆಲಸದಲ್ಲಿ ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ನಾನು ಅದನ್ನು ದಣಿವು ಎಂದುಕೊಂಡೆ, ಎಲ್ಲರೂ ದಣಿದಿದ್ದೆವು.

ಆ ದಿನಗಳ ಲೆಕ್ಕವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹಾಕಿದ್ದೇನೆ. ಐದನೆಯ ದಿನ ಒಂದೇ ಬೆಳಗ್ಗೆ ಹದಿಮೂರು ಜನ ದಾಖಲಾದರು. ಆರನೆಯ ದಿನ ಒಬ್ಬ ಗಂಡಸು ತನ್ನ ಹೆಂಡತಿಗೆ ಡ್ರಿಪ್ ಬದಲಿಸಲು ತಡವಾಯಿತೆಂದು ಕೇಸ್ ಶೀಟನ್ನು ಶಬೀನಾಳ ಮುಖದ ಮೇಲೆ ಎಸೆದ. “ಎಲ್ಲಿ ಓಗಿದ್ದೆ? ನಮ್ಮೋಳು ಸತ್ರೆ ನೀ ಬತ್ತೀಯಾ?” ಎಂದು ಕೂಗಾಡಿದ. ಅವಳು ಹಾಳೆಗಳನ್ನು ಬಗ್ಗಿ ಆರಿಸಿಕೊಂಡು ಕ್ರಮವಾಗಿ ಜೋಡಿಸಿ ಕ್ಲಿಪ್ ಹಾಕಿ ಡ್ರಿಪ್ ಬದಲಿಸಿದಳು. ಆಮೇಲೆ ಸ್ಟೋರಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಇದ್ದು ಬಂದಳು. ಅವಳ ಕಣ್ಣು ಕೆಂಪಗಿತ್ತು. ಆಗ ನಾನು ಸಹಿ ಹಾಕಬಹುದಿತ್ತು. ಮನಸ್ಸಿಗೆ ಬಂತು ಕೂಡ. ಅಷ್ಟರಲ್ಲಿ ಆಂಬುಲೆನ್ಸ್ ಬಂದು ನಿಂತಿತು.

ಎಂಟನೆಯ ದಿನ ಬದಲಿಗೆ ಒಬ್ಬಳು ನಿಜವಾಗಿಯೂ ಬಂದಳು. ಉಮ್ಮತ್ತೂರಿನ ಹುಡುಗಿ, ತಾತ್ಕಾಲಿಕವಾಗಿ ಹಾಕಿದ್ದರು. ಮಧ್ಯಾಹ್ನದವರೆಗೆ ಮಾತಿಲ್ಲದೆ ಕೆಲಸ ಮಾಡಿದಳು. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಸಿಸ್ಟರ್, ನಂಗ ಮೂರು ಬಸ್ಸು ಬದ್ಲಾಯಿಸ್ಬೇಕು. ಡ್ಯೂಟಿ ಬುಟ್ಟು ಓಗೋ ಒತ್ಗ ಉಮ್ಮತ್ತೂರಿನ ಬಸ್ಸು ಓಗ್ಬುಟ್ಟಿರ್ತದ. ಮಗೀಗ ಆರು ತಿಂಗ್ಳು. ನನ್ ಕೈಲಿ ಆಗಲ್ಲ.” ಇಲ್ಲೇ ಇರಲು ಕ್ವಾರ್ಟರ್ಸ್ ಇದ್ದವು, ಆದರೆ ಅವುಗಳ ಮಾಡು ಕುಸಿದು ಎರಡು ಮಳೆಗಾಲವಾಗಿತ್ತು. ಮಾರನೆಯ ದಿನ ಅವಳು ಬರಲಿಲ್ಲ. ಎಲ್ಲರೂ ಅವಳನ್ನು ಬೈದರು, ನಾನೂ ಬೈದೆ. ಆದರೆ ಒಳಗೊಳಗೆ ನನಗೆ ನಿರಾಳವಾಗಿತ್ತು. ನನ್ನ ಸುಳ್ಳು ಈಗ ಸುಳ್ಳಿನ ಹಾಗೆ ಕಾಣುತ್ತಿರಲಿಲ್ಲ. ನೋಡಿದೆಯಲ್ಲ, ಬಂದವರೂ ನಿಲ್ಲಲ್ಲ ಎಂದು ಶಬೀನಾಗೆ ಹೇಳಿದೆ. ಅವಳು “ಹೂಂ ಸಿಸ್ಟರ್” ಎಂದಳು.

ಹನ್ನೆರಡನೆಯ ದಿನ ಬಾಷಾ ಸಾಬರು ಬಂದರು. ವಾರ್ಡಿನ ಬಾಗಿಲ ಹೊರಗೇ ನಿಂತಿದ್ದರು. ಅವರ ಅಂಗಿಯ ತೋಳಿಗೆ ಹತ್ತಿಯ ಎಳೆಗಳು ಅಂಟಿದ್ದವು, ಕೆಲಸದ ನಡುವೆ ಎದ್ದು ಬಂದಿದ್ದರೆಂದು ಕಾಣುತ್ತದೆ.

“ಸಿಸ್ಟರಮ್ಮ, ಮೈಸೂರಿಂದ ರೈಲು ಹತ್ಬೇಕು. ಊರು ದೂರ, ಒಂದು ದಿನ ಮುಂಚೆನೇ ಹೊರಡ್ಬೇಕು ಅಂತಾರೆ. ಹುಡುಗಿ ಮನೇಲಿ ಊಟ ಮಾಡ್ತಿಲ್ಲ.”

“ಇವತ್ತು ಇಬ್ಬರಿಗೆ ಪ್ಲೇಟ್‌ಲೆಟ್ ಇಳಿದದೆ ಸಾಬ್ರೆ. ನಾಳೆ ನೋಡ್ತೀನಿ.”

ಒಳಗೆ ಮಗಳು ಯಾರಿಗೋ ನೀರು ಕುಡಿಸುತ್ತಿದ್ದಳು. ಅವಳನ್ನು ನೋಡಿ, ಮತ್ತೆ ನನ್ನನ್ನು ನೋಡಿ, “ನೀವು ಎಂಗೆ ಹೇಳ್ತೀರೋ ಅಂಗೆ. ಅವಳಿಗೆ ನೀವು ತಾಯಿ ಇದ್ದಂಗೆ” ಎಂದು ಹೇಳಿ ಹೋದರು. ಆ ಮನುಷ್ಯ ಸಿಟ್ಟು ಮಾಡಿದ್ದರೆ ನಾನು ಅವತ್ತೇ ಸಹಿ ಹಾಕಿರುತ್ತಿದ್ದೆನೇನೋ. ನನ್ನನ್ನು ನಂಬಿದರು.

ಹದಿನಾಲ್ಕನೆಯ ದಿನ ಮಧ್ಯಾಹ್ನ ಜ್ವರದ ಭರಾಟೆ ಸ್ವಲ್ಪ ತಗ್ಗಿತು. ನಾಲ್ಕು ಮಂಚ ಖಾಲಿಯಾಗಿದ್ದವು. “ಬಾ, ಚಾರ್ಜ್ ಕೊಡು, ನಾನೇ ತಗೋತೀನಿ” ಎಂದೆ, ದೊಡ್ಡ ಉಪಕಾರ ಮಾಡುವವಳ ದನಿಯಲ್ಲಿ. ಶಬೀನಾ ಏನೂ ಕೇಳಲಿಲ್ಲ. ಕತ್ತರಿ ಎಣಿಸಿದಳು, ಹೊದಿಕೆ ಎಣಿಸಿದಳು, ಬಿ.ಪಿ. ಯಂತ್ರದ ಪಟ್ಟಿಯನ್ನು ಸುತ್ತಿ ಇಟ್ಟಳು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಹದಿನಾಲ್ಕು ದಿನ ನಾನು ಹಿಡಿದಿಟ್ಟುಕೊಂಡದ್ದು ಅರ್ಧ ಗಂಟೆಯ ಕೆಲಸವನ್ನು. ಡಾಕ್ಟರು ಪತ್ರ ಕೊಟ್ಟರು. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು, ನಾನು ಬೇಡವೆಂದು ಹಿಡಿದೆತ್ತಿದೆ.

ಅಪ್ಪ ಮಗಳು ಅವತ್ತೇ ಮೈಸೂರಿಗೆ ಹೋಗಿ ಸಿಕ್ಕಿದ ರೈಲು ಹತ್ತಿದರು. ಮಾರನೆಯ ದಿನ ಊರು ಮುಟ್ಟುವಷ್ಟರಲ್ಲಿ ಕಚೇರಿ ಬಾಗಿಲು ಹಾಕಿತ್ತು. ಅದರ ಮಾರನೆಯ ದಿನ ರಜೆ. ಮೂರನೆಯ ದಿನ ಹೋದರೆ ಗಡುವು ಮುಗಿಯಿತು, ಪಟ್ಟಿ ಮುಂದಕ್ಕೆ ಹೋಯಿತು ಎಂದರು. ಗಡುವಿಗೆ ಮೊದಲೇ ಸಮಯ ಕೇಳಿ ಒಂದು ಅರ್ಜಿ ಕಳಿಸಿದ್ದರೆ ನೋಡಬಹುದಿತ್ತಮ್ಮ ಎಂದರಂತೆ. ಅಂಥದೊಂದು ಅರ್ಜಿ ಕೊಡಬಹುದು ಎಂದು ಇಪ್ಪತ್ತೈದರ ಹುಡುಗಿಗೆ ಗೊತ್ತಿರಲಿಲ್ಲ, ಹಾಸಿಗೆ ಹೊಲಿಯುವ ಅವಳಪ್ಪನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಲು ನೆನಪಾಗಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ. ನಾನಂತೂ ನಂಬಿಲ್ಲ.

ಅವಳು ವಾಪಸು ಬಂದು ನಮ್ಮ ವಾರ್ಡಿನ ಬಾಗಿಲಲ್ಲಿ ನಿಂತಾಗ ನಾನು ಏಕಕಾಲಕ್ಕೆ ಮೂರು ಡ್ರಿಪ್ ನೋಡುತ್ತಿದ್ದೆ. ಹಳೆಯ ಕೆಲಸಕ್ಕಾದರೂ ಸೇರಿಸಿಕೊಳ್ಳಿ ಎಂದು ಕೇಳಲು ಬಂದಿದ್ದಳು. ಆದರೆ ಅವಳು ಬಿಟ್ಟು ಹೋದಳೆಂದು ನಾವೇ ಬರೆದು ಮೇಲಕ್ಕೆ ಕಳಿಸಿದ್ದೆವು, ಹೊಸ ಗುತ್ತಿಗೆಗೆ ಹೊಸ ಮಂಜೂರಾತಿ ಬೇಕು, ಅದು ಎಂದು ಬರುತ್ತದೋ ಯಾರೂ ಹೇಳಲಾರರು. ಮಾಡುವ ಕೆಲಸ ರಾಶಿ ಬಿದ್ದಿದೆ, ಮಾಡುವವಳು ಬಾಗಿಲಲ್ಲಿ ನಿಂತಿದ್ದಾಳೆ, ಒಳಗೆ ಕರೆಯುವ ಹಾಗಿಲ್ಲ. ಡಾಕ್ಟರು ತಲೆ ತಗ್ಗಿಸಿ ಹೇಳಿದರು. ಅವಳು ಸರಿ ಸರ್ ಎಂದು ತಿರುಗಿ ಹೊರಟಳು. ಮಂಚದಿಂದ ಒಬ್ಬ ಹೆಂಗಸು ಕೂಗಿ ಕರೆದಳು, “ಬಂದ್ಯಾ ಕಣಮ್ಮಿ, ಎಲ್ಲೋಗಿದ್ದೆ ಇಷ್ಟ್ ದಿನ?” ಶಬೀನಾ ಅವಳ ಹತ್ತಿರ ಹೋಗಿ ಹಣೆ ಮುಟ್ಟಿ ನೋಡಿ, ಹೊದಿಕೆ ಸರಿ ಮಾಡಿ, ಆಮೇಲೆ ಹೋದಳು.

ಆ ವರ್ಷ ಕಳೆಯುವುದರೊಳಗೆ ಅವಳ ನಿಕಾಹ್ ಆಯಿತು. ಹುಡುಗ ಗುಂಡ್ಲುಪೇಟೆಯವನೇ, ಮಾವನ ಅಂಗಡಿಯನ್ನೇ ನೋಡಿಕೊಳ್ಳುತ್ತಾನೆ ಎಂದು ಕೇಳಿದೆ. ಸಾಬರು ತಾವೇ ಬಂದು ಕರೆದಿದ್ದರು. ನಾನು ವಾರ್ಡು ಬಿಟ್ಟು ಬರುವ ಹಾಗಿಲ್ಲ ಎಂದು ಹೇಳಿ ಕಳಿಸಿದೆ. ಅದು ನಿಜವೂ ಆಗಿತ್ತು. ನಾಲ್ಕು ತಿಂಗಳು ನಾನೊಬ್ಬಳೇ ಆ ವಾರ್ಡು ನೋಡಿದೆ. ಹದಿನಾಲ್ಕು ದಿನಕ್ಕೆ ಒಬ್ಬ ಸಿಸ್ಟರನ್ನು ಉಳಿಸಿಕೊಳ್ಳಲು ಹೋಗಿ ಮೂವತ್ತು ವರ್ಷ ಕೆಲಸ ಮಾಡಬಹುದಾಗಿದ್ದ ಸಿಸ್ಟರನ್ನು ಕಳೆದಿದ್ದೆ. ನನ್ನ ವಾರ್ಡಿಗೆ ಮಾತ್ರವಲ್ಲ, ಎಲ್ಲೋ ಉತ್ತರದ ಊರಿನ ಯಾವುದೋ ವಾರ್ಡಿಗೂ ಕಳೆದಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ ಕರ್ತವ್ಯನಿಷ್ಠೆಯನ್ನು ಹೊಗಳಿದರು.

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ಅಂಗಡಿ ಹುಡುಕುವುದೇನೂ ಕಷ್ಟವಾಗಲಿಲ್ಲ. ಬಾಗಿಲಲ್ಲಿ ದಿಂಬುಗಳ ರಾಶಿ, ಒಳಗೆ ಹೊಲಿಗೆ ಯಂತ್ರದ ಮುಂದೆ ಶಬೀನಾ. ಸ್ವಲ್ಪ ತುಂಬಿಕೊಂಡಿದ್ದಳು. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು, ವಾರ್ಡಿನಲ್ಲಿ ಟೋಪಿ ಸಿಕ್ಕಿಸುತ್ತಿದ್ದಂತೆ. ನನ್ನನ್ನು ನೋಡಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. ಕುರ್ಚಿ ಹಾಕಿ ಕೂರಿಸಿ ಟೀ ತರಿಸಿದಳು. ಅಬ್ಬಾ ನಮಾಜಿಗೆ ಹೋಗಿದ್ದಾರೆ, ಈಗ ಬರ್ತಾರೆ ಎಂದಳು. ದಿಂಬು ಹೊಲಿಸಲು ಬಂದೆ ಎಂದು ನಾನು ಏನೋ ಹೇಳಿದೆ. ಅವಳು ನನ್ನ ಕಾಲಿನ ಕಡೆ ನೋಡುತ್ತಿದ್ದಳು. ನೆಲದ ಮೇಲೆ ಕೂತು, ಊದಿದ್ದ ಪಾದದ ಮೇಲ್ಗಡೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಿಟ್ಟು, ಗುಳಿ ಬಿದ್ದದ್ದನ್ನು ನೋಡಿದಳು.

“ಬಿ.ಪಿ. ಮಾತ್ರೆ ಸರಿಯಾಗಿ ತಗೊಳ್ತಾ ಇಲ್ಲ ನೀವು. ಉಪ್ಪಿನಕಾಯಿನೂ ಬಿಟ್ಟಿಲ್ಲ” ಎಂದಳು. ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ.

ಅಳು ನಿಂತ ಮೇಲೆ ಹೇಳಿಬಿಟ್ಟೆ. “ಶಬೀನಾ, ಆವತ್ತು ಡಾಕ್ಟ್ರು ಬೇಡ ಅಂದಿರ್ಲಿಲ್ಲ ಕಣಮ್ಮಿ. ನಾನು ಚಾರ್ಜ್ ತಗೋತೀನಿ ಅಂದಿದ್ರೆ ಅವತ್ತೇ ನಿನ್ನ ಬುಟ್ಬುಡೋರು. ನಾನೇ ಸುಳ್ಳು ಹೇಳ್ದೆ.”

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ನೆಲದ ಮೇಲೆ ಕೂತಿದ್ದವಳು ನನ್ನ ಪಾದದಿಂದ ಕೈ ತೆಗೆಯಲಿಲ್ಲ.

“ಗೊತ್ತಿತ್ತು ಸಿಸ್ಟರ್.”

“ಯಾವಾಗ?”

“ಮೂರನೇ ದಿನಾನೆ. ಡಾಕ್ಟ್ರೇ ಕೇಳಿದ್ರು, ಯಾಕಮ್ಮ ಇನ್ನೂ ಹೋಗಿಲ್ಲ, ಸಿಸ್ಟರ್ ಸಹಿ ಹಾಕ್ಲಿಲ್ವಾ ಅಂತ.”

ಹಾಗಾದರೆ ಉಳಿದ ಹನ್ನೊಂದು ದಿನವೂ ಇವಳು ಎಲ್ಲ ಗೊತ್ತಿದ್ದೇ ನನ್ನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದಳು. ಬಂದವರೂ ನಿಲ್ಲಲ್ಲ ಎಂದು ನಾನು ಹೇಳಿದಾಗ ಹೂಂ ಎಂದಿದ್ದಳು.

“ಮತ್ತೆ ನನ್ನ ಯಾಕೆ ಕೇಳ್ಲಿಲ್ಲ? ಜಗಳ ಆಡ್ಲಿಲ್ಲ ಯಾಕೆ?”

“ಕೇಳಿದ್ರೆ ನೀವು ಸುಳ್ಳು ಹೇಳಿದ್ರಿ ಅಂತ ನಿಮ್ಮ ಮುಖಕ್ಕೆ ಅಂದಂಗೆ ಆಗ್ತಿತ್ತು. ನನಗೆ ಕೆಲಸ ಕಲಿಸಿದವರು ನೀವು, ಹೆಂಗೆ ಅನ್ಲಿ?” ಅವಳು ನನ್ನ ಸೀರೆಯ ಅಂಚನ್ನು ಪಾದದ ಮೇಲೆ ಎಳೆದು ಸರಿ ಮಾಡಿದಳು. “ಇವತ್ತು ಸಹಿ ಹಾಕ್ತಾರೆ ಅಂದ್ಕೊಂಡೇ ದಿನಾ ಬೆಳಿಗ್ಗೆ ಬಸ್ಸು ಹತ್ತುತಿದ್ದೆ ಸಿಸ್ಟರ್.”